ಗಣಕಯಂತ್ರದ ದಿನಚರಿ ದಾಖಲೆಗಳ ಆಯುಷ್ಯ: ಒಂದು ಚಾರಿತ್ರಿಕ ವಿವೇಚನೆ

೧

ಇತಿಹಾಸವನ್ನು ಬರೆಯತೊಡಗಿದವನಿಗೆ ಆಧಾರಗಳು ದೊರೆಯಬೇಕಾದರೆ ಎರಡು ಕಾರ್ಯಗಳು ನಡೆದಿರಬೇಕು. ನಡೆದ ಸಂಗತಿಯನ್ನು ಯಾರಾದರೂ ಬರೆದಿಟ್ಟಿರಬೇಕು. ಬರೆದುದನ್ನು ಬೇಡವೆಂದು ಯಾರೂ ಅಳಿಸದೆ ಇರಬೇಕು. ಮೊದಲನೆಯದನ್ನು ಕುರಿತು ನಮ್ಮಲ್ಲಿ ವಿಪುಲವಾಗಿ ಚರ್ಚೆ ನಡೆದಿದೆ. ಎರಡನೆಯದನ್ನು ಕುರಿತು ನಡೆದಿರುವುದು ಅಲ್ಪ. ಕನ್ನಡ ನಾಡಿನಲ್ಲಿ ಭೂದಾನಗಳನ್ನು ಕಲ್ಲಿನಲ್ಲಿಯೂ ತಾಮ್ರಪಟಗಳಲ್ಲಿಯೂ ಕೆತ್ತಿಸಿದರು. ದಿನದಿನದ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದರು. ಇದ್ದಿಲಿನ ಪುಡಿಯನ್ನು ಹುಣಿಸೆಬೀಜದ ಅಂಟಿನಲ್ಲಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಬರೆದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಶಾಶ್ವತವಾಗಿರಬೇಕಾದುದು ಯಾವುದು, ಕೆಲಕಾಲ ಇದ್ದರೆ ಸಾಕಾದುದು ಯಾವುದು ಎಂಬ ತೀರ್ಮಾನ ಬರೆಯುವ ವಸ್ತುವಿನ ಆಯ್ಕೆಯಲ್ಲಿಯೇ ಅಡಗಿತ್ತು. ಇಂದು ಕಚೇರಿಯ ಕನ್ನಡದಲ್ಲಿ ಕಡತವೆಂದರೆ ಫೈಲು. ಗಣಕಯಂತ್ರದೊಳಗಿನ ಫೈಲಿಗೂ ಅದೇ ಹೆಸರು ಸಂದಿದೆ.

ಗಣಕಯಂತ್ರವು ತನ್ನಲ್ಲಿ ನಡೆದ ವ್ಯವಹಾರಗಳನ್ನು ತಾನೇ ಬರೆದುಕೊಳ್ಳುವ ಒಂದು ಬಗೆಯ ಕಡತವುಂಟು. ಇಂಥ ದಿನ ಇಂಥ ಗಳಿಗೆಯಲ್ಲಿ ಇಂಥ ಬಳಕೆದಾರನು ಒಳಬಂದನು, ಇಂಥ ಕಡತವನ್ನು ತೆರೆದನು, ಇಂಥ ಅಧಿಕಾರವನ್ನು ಚಲಾಯಿಸಿದನು, ಇಷ್ಟು ಹೊತ್ತಿಗೆ ಹೊರಗೆ ಹೋದನು—ಹೀಗೆ ಸಾಲು ಸಾಲಾಗಿ ಬೆಳೆಯುವ ಈ ದಿನಚರಿಗೆ ಬಳಕೆಯ ಮಾತಿನಲ್ಲಿ ಲಾಗ್ ಎಂದು ಹೆಸರು. ಇದನ್ನು ಎಷ್ಟು ಕಾಲ ಇಡತಕ್ಕದ್ದು ಎಂಬ ಪ್ರಶ್ನೆ ಬಹುಕಾಲ ಯಂತ್ರವನ್ನು ನಡೆಸುವವರ ಅನುಕೂಲಕ್ಕೆ ಬಿಟ್ಟ ಸಣ್ಣ ವಿಚಾರವಾಗಿತ್ತು. ಇಂದು ಅದು ಸರ್ಕಾರಗಳ ಆಜ್ಞೆಗಳಿಗೂ ನ್ಯಾಯಾಲಯಗಳ ತೀರ್ಪುಗಳಿಗೂ ವಸ್ತುವಾಗಿದೆ. ಈ ಬದಲಾವಣೆ ಹೇಗಾಯಿತು, ಅದರಿಂದ ನಾವು ಗ್ರಹಿಸಬೇಕಾದ ನಿಯಮ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಮಾಡೋಣ.

೨

ಲಾಗ್ ಹುಟ್ಟಿದುದು ಭದ್ರತೆಗಾಗಿ ಅಲ್ಲ, ಹಣದ ಲೆಕ್ಕಕ್ಕಾಗಿ. ೧೯೬೧ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಯಂತ್ರದ ಒಂದೊಂದು ನಿಮಿಷಕ್ಕೂ ಬೆಲೆಯಿದ್ದ ಆ ಕಾಲದಲ್ಲಿ ಯಾರು ಎಷ್ಟು ಹೊತ್ತು ಬಳಸಿದರೆಂಬುದನ್ನು ಬರೆದಿಡದೆ ವಿಧಿಯಿರಲಿಲ್ಲ. ಐಬಿಎಂ ಸಂಸ್ಥೆಯ ದೊಡ್ಡ ಯಂತ್ರಗಳಲ್ಲಿ ಎಸ್‌ಎಂಎಫ್ ಎಂಬ ಹೆಸರಿನಿಂದ ಬೆಳೆದ ದಾಖಲೆಯ ವ್ಯವಸ್ಥೆಯೂ ಮುಖ್ಯವಾಗಿ ಬಳಕೆಯ ಲೆಕ್ಕಕ್ಕೆ ಒದಗುತ್ತಿತ್ತು. ತಿಂಗಳ ಬಿಲ್ಲು ತಯಾರಾಗಿ ಹಣ ಸಂದಾಯವಾದ ಮೇಲೆ ಆ ದಾಖಲೆಯ ಪ್ರಯೋಜನ ಬಹುಮಟ್ಟಿಗೆ ತೀರಿದಂತೆಯೇ. ಕಾಂತೀಯ ಟೇಪುಗಳು ದುಬಾರಿ. ಒಮ್ಮೆ ಬರೆದ ಟೇಪನ್ನು ಅಳಿಸಿ ಮತ್ತೆ ಬಳಸುವುದೇ ವಾಡಿಕೆ. ೧೯೫೬ರಲ್ಲಿ ಹೊರಬಂದ ಐಬಿಎಂನ ಮೊದಲ ಡಿಸ್ಕ್ ಸಂಗ್ರಹದಲ್ಲಿ ಐವತ್ತು ತಟ್ಟೆಗಳಿದ್ದರೂ ಹಿಡಿಸುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಇಂಥ ಸ್ಥಿತಿಯಲ್ಲಿ ಹಳೆಯ ದಿನಚರಿಯನ್ನು ವರ್ಷಗಟ್ಟಲೆ ಇಡಬೇಕೆಂದು ಯಾರಾದರೂ ಹೇಳಿದ್ದರೆ ಅದು ದುಂದುಗಾರಿಕೆಯೆನಿಸುತ್ತಿತ್ತು.

ಈ ದಾಖಲೆಗೆ ಬೇರೊಂದು ಪ್ರಯೋಜನವಿದೆಯೆಂಬುದನ್ನು ಸ್ಪಷ್ಟವಾಗಿ ವಿವರಿಸಿದವರಲ್ಲಿ ಜೇಮ್ಸ್ ಪಿ. ಆಂಡರ್ಸನ್ ಪ್ರಮುಖರು. ೧೯೮೦ರ ವರದಿಯಲ್ಲಿ ಅವರು ಯಂತ್ರದ ದುರ್ಬಳಕೆದಾರರನ್ನು ವರ್ಗೀಕರಿಸಿದರು: ಪರರ ಹೆಸರಿನಲ್ಲಿ ಒಳಬರುವವನು, ತನಗೆ ಸಂದ ಅಧಿಕಾರವನ್ನೇ ದುರುಪಯೋಗಪಡಿಸಿಕೊಳ್ಳುವವನು, ದಾಖಲೆಗೇ ಸಿಕ್ಕದಂತೆ ಗುಪ್ತವಾಗಿ ವರ್ತಿಸುವವನು. ಇವರನ್ನು ಪತ್ತೆಮಾಡಲು ಲೆಕ್ಕಕ್ಕಾಗಿ ಬರೆದ ದಾಖಲೆಗಳು ಇದ್ದಂತೆಯೇ ಸಾಲವೆಂಬುದು ಅವರ ನಿಲುವು. ೧೯೮೭ರಲ್ಲಿ ಡೊರೊತಿ ಡೆನಿಂಗ್ ಅವರು ಇಂಥ ದಾಖಲೆಯ ಆಧಾರದ ಮೇಲೆ ಅಸಹಜ ವರ್ತನೆಯನ್ನು ಯಂತ್ರವೇ ಗುರುತಿಸುವ ಮಾದರಿಯನ್ನು ಪ್ರಕಟಿಸಿದರು. ಅಮೆರಿಕದ ರಕ್ಷಣಾ ಇಲಾಖೆ ೧೯೮೩ರಲ್ಲಿ ಹೊರಡಿಸಿ ೧೯೮೫ರಲ್ಲಿ ಪರಿಷ್ಕರಿಸಿದ ಮಾನದಂಡ ಗ್ರಂಥವು—ಹೊದಿಕೆಯ ಬಣ್ಣದಿಂದ ಇದು ಕಿತ್ತಳೆ ಪುಸ್ತಕವೆಂದೇ ಪ್ರಸಿದ್ಧ—ಭದ್ರತೆಗೆ ಸಂಬಂಧಿಸಿದ ಕೃತ್ಯಗಳ ದಾಖಲೆಯನ್ನು ಆಯ್ದು ಇಟ್ಟು ರಕ್ಷಿಸಬೇಕೆಂದು ವಿಧಿಸಿತು. ಎಷ್ಟು ಕಾಲ ಎಂಬುದನ್ನು ಮಾತ್ರ ಅದು ಗೊತ್ತುಮಾಡಲಿಲ್ಲ.

ಗೊತ್ತುಮಾಡದ ಕಡೆ ರೂಢಿಯೇ ನಿಯಮವಾಗುತ್ತದೆ. ೧೯೮೦ರ ದಶಕದಲ್ಲಿ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ಅವರು ರಚಿಸಿದ ಸಿಸ್‌ಲಾಗ್ ಎಂಬ ದಾಖಲೆಯ ಕ್ರಮ ಯೂನಿಕ್ಸ್ ಯಂತ್ರಗಳಲ್ಲೆಲ್ಲ ಹರಡಿತು. ಮುಂದೆ ಲಿನಕ್ಸ್ ಯಂತ್ರಗಳಲ್ಲಿ ಹಳೆಯ ಲಾಗ್‌ಗಳನ್ನು ತೆಗೆದುಹಾಕುವ ಸಾಧನಕ್ಕೆ ತಯಾರಕರು ಬರೆದುಕೊಟ್ಟ ಪೂರ್ವನಿಶ್ಚಿತ ಸೂಚನೆ ಸಾಮಾನ್ಯವಾಗಿ ಇದು: ವಾರಕ್ಕೊಮ್ಮೆ ಹೊಸದನ್ನು ಆರಂಭಿಸು, ನಾಲ್ಕು ವಾರಗಳನ್ನು ಉಳಿಸು, ಅದಕ್ಕಿಂತ ಹಳೆಯದನ್ನು ಅಳಿಸು. ಈ ಸೂಚನೆಯನ್ನು ಬದಲಾಯಿಸಬೇಕೆಂದು ಯೋಚಿಸದ ಕಡೆಗಳಲ್ಲೆಲ್ಲ ಯಂತ್ರಗಳ ನೆನಪು ನಾಲ್ಕು ವಾರಗಳಿಗೆ ಸೀಮಿತವಾಯಿತು. ಡಿಸ್ಕು ತುಂಬಿ ಯಂತ್ರ ನಿಲ್ಲಬಾರದೆಂಬುದೊಂದೇ ಇದರ ಹಿಂದಿನ ವಿವೇಕ. ಅಪರಾಧದ ಪತ್ತೆಗೆ ಎಷ್ಟು ಕಾಲ ಹಿಡಿಯುತ್ತದೆಂಬ ಲೆಕ್ಕ ಅದರಲ್ಲಿ ಸೇರಿರಲಿಲ್ಲ.

೩

ಹಣದ ಲೆಕ್ಕಕ್ಕಾಗಿ ಇಟ್ಟ ದಾಖಲೆ ಅಪರಾಧವನ್ನು ಹೇಗೆ ಹೊರಗೆಡಹಬಲ್ಲುದೆಂಬುದಕ್ಕೆ ೧೯೮೬ರ ಬರ್ಕ್ಲಿಯ ಪ್ರಕರಣ ಅತ್ಯುತ್ತಮ ನಿದರ್ಶನ. ಆ ವರ್ಷದ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಯಂತ್ರಬಳಕೆಯ ಲೆಕ್ಕದಲ್ಲಿ ೭೫ ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಖಗೋಳವಿಜ್ಞಾನಿಯಾಗಿದ್ದ ಕ್ಲಿಫರ್ಡ್ ಸ್ಟೋಲ್ ಅವರಿಗೆ ಆ ವ್ಯತ್ಯಾಸದ ಮೂಲವನ್ನು ಹುಡುಕುವ ಕೆಲಸ ಬಂದಿತು. ಹಣ ಸಲ್ಲಿಸಬೇಕಾದ ವಿಳಾಸವೇ ಇಲ್ಲದ ಬಳಕೆದಾರನೊಬ್ಬನ ಹೆಸರು ಪಟ್ಟಿಯಲ್ಲಿ ಸೇರಿಕೊಂಡಿತ್ತು. ಅದೇ ಸುಮಾರಿಗೆ ಪ್ರಯೋಗಾಲಯದ ಕಡೆಯಿಂದ ತಮ್ಮ ಯಂತ್ರಕ್ಕೆ ನುಗ್ಗುವ ಯತ್ನ ನಡೆಯಿತೆಂದು ಬೇರೊಂದು ಕೇಂದ್ರದಿಂದ ದೂರು ಬಂದಿತು. ಎರಡನ್ನೂ ಜೋಡಿಸಿ ನೋಡಿದಾಗ ನುಸುಳುಕೋರನೊಬ್ಬನು ಸರ್ವಾಧಿಕಾರವನ್ನು ಕೈವಶಮಾಡಿಕೊಂಡಿರುವುದು ವಿದಿತವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಯಂತ್ರದ ಸರ್ವಾಧಿಕಾರ ಪಡೆದವನು ಯಂತ್ರದೊಳಗಿನ ದಾಖಲೆಯನ್ನೂ ತಿದ್ದಬಲ್ಲನು. ಆದುದರಿಂದ ಸ್ಟೋಲ್ ಅವರು ಯಂತ್ರದೊಳಗಿನ ಲಾಗನ್ನು ನಂಬದೆ, ಹೊರಗಿನಿಂದ ಬರುವ ಸಂಪರ್ಕದ ತಂತಿಗಳಿಗೆ ಮುದ್ರಣಯಂತ್ರಗಳನ್ನು ಜೋಡಿಸಿದರು. ನುಸುಳುಕೋರನು ಒತ್ತಿದ ಪ್ರತಿಯೊಂದು ಅಕ್ಷರವೂ ಅವನ ಕೈಗೆ ಎಟುಕದ ಕಾಗದದ ಮೇಲೆ ಮೂಡುತ್ತಿತ್ತು. ಇದು ಮೊದಲನೆಯದು. ಎರಡನೆಯದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ನುಸುಳುಕೋರನು ವರ್ಜೀನಿಯದ ಒಂದು ರಕ್ಷಣಾ ಗುತ್ತಿಗೆ ಸಂಸ್ಥೆಯ ಯಂತ್ರವನ್ನು ಮೆಟ್ಟಿಲಾಗಿ ಬಳಸಿಕೊಂಡು, ಅಲ್ಲಿಯ ದೂರವಾಣಿಯಿಂದ ದೇಶದ ನಾನಾ ಕಡೆಯ ಯಂತ್ರಗಳಿಗೆ ಕರೆಮಾಡುತ್ತಿದ್ದನು. ಆ ಸಂಸ್ಥೆಯ ಹಳೆಯ ದೂರವಾಣಿ ಬಿಲ್ಲುಗಳನ್ನು ತೆಗೆದು ನೋಡಿದಾಗ, ಸ್ಟೋಲ್ ಅವರಿಗೆ ಸುಳಿವು ಸಿಕ್ಕುವುದಕ್ಕೆ ಹಲವು ತಿಂಗಳು ಮೊದಲೇ ಇಂಥ ಕರೆಗಳು ನಡೆದಿದ್ದುದು ಕಂಡುಬಂದಿತು. ಯಂತ್ರಗಳು ಮರೆತುಬಿಟ್ಟಿದ್ದ ಕಾಲದ ಚರಿತ್ರೆಯನ್ನು ಹಣ ಪಾವತಿಗಾಗಿ ಇಟ್ಟಿದ್ದ ಬಿಲ್ಲುಗಳು ಉಳಿಸಿಕೊಟ್ಟವು.

ಸುಮಾರು ೪೫೦ ಯಂತ್ರಗಳಿಗೆ ನುಗ್ಗಲು ಯತ್ನಿಸಿ ೩೦ಕ್ಕೂ ಹೆಚ್ಚಿನವುಗಳಲ್ಲಿ ಆತನು ಸಫಲನಾಗಿದ್ದನೆಂದು ಸ್ಟೋಲ್ ಅವರು ೧೯೮೮ರಲ್ಲಿ ಪ್ರಕಟಿಸಿದ ಲೇಖನದಿಂದ ತಿಳಿದುಬರುತ್ತದೆ. ಜರ್ಮನಿಯ ಹ್ಯಾನೋವರಿನಲ್ಲಿದ್ದ ಮಾರ್ಕುಸ್ ಹೆಸ್ ಎಂಬ ಈತನೂ ಸಂಗಡಿಗರೂ ಕದ್ದ ಮಾಹಿತಿಯನ್ನು ಸೋವಿಯತ್ ಗುಪ್ತಚರ ಸಂಸ್ಥೆಗೆ ಮಾರಿದ್ದರು. ೧೯೯೦ರಲ್ಲಿ ಅವರಿಗೆ ಶಿಕ್ಷೆಯಾಯಿತು. ಮುಕ್ಕಾಲು ಡಾಲರಿನ ವ್ಯತ್ಯಾಸವನ್ನು ಕ್ಷುಲ್ಲಕವೆಂದು ಬಿಟ್ಟಿದ್ದರೆ ಈ ಚರಿತ್ರೆ ಹೊರಬೀಳುತ್ತಿದ್ದುದು ಅನುಮಾನ.

೪

ಅಂದಿನಿಂದ ಸಂಗ್ರಹದ ಬೆಲೆ ಇಳಿಯುತ್ತ ಬಂದಿತು. ನುಸುಳುಕೋರರ ತಾಳ್ಮೆ ಮಾತ್ರ ಇಳಿಯಲಿಲ್ಲ. ಸ್ಟಾರ್‌ವುಡ್ ಎಂಬ ಹೋಟೆಲು ಸಮೂಹದ ಅತಿಥಿಗಳ ವಿವರಗಳಿದ್ದ ಯಂತ್ರಗಳಿಗೆ ೨೦೧೪ರಲ್ಲಿ ಅಕ್ರಮ ಪ್ರವೇಶವಾಯಿತು. ೨೦೧೬ರಲ್ಲಿ ಆ ಸಮೂಹವನ್ನು ಮ್ಯಾರಿಯಟ್ ಸಂಸ್ಥೆ ಕೊಂಡುಕೊಂಡಿತು. ಕಳವು ಗೊತ್ತಾದುದು ೨೦೧೮ರ ಸೆಪ್ಟೆಂಬರಿನಲ್ಲಿ. ಮನೆಯ ಒಡೆತನ ಬದಲಾದರೂ ಒಳಗೆ ಅವಿತಿದ್ದವನು ಅವಿತೇ ಇದ್ದನು.

೨೦೨೦ರ ಸೋಲಾರ್‌ವಿಂಡ್ಸ್ ಪ್ರಕರಣ ಇನ್ನೂ ವಿಶಾಲವಾದುದು. ದೊಡ್ಡ ಸಂಸ್ಥೆಗಳು ತಮ್ಮ ಜಾಲಗಳನ್ನು ನೋಡಿಕೊಳ್ಳಲು ಬಳಸುತ್ತಿದ್ದ ಒರಾಯನ್ ಎಂಬ ತಂತ್ರಾಂಶದ ತಯಾರಿಕೆಯ ಸ್ಥಾನಕ್ಕೇ ನುಸುಳುಕೋರರು ೨೦೧೯ರಲ್ಲಿ ಪ್ರವೇಶಿಸಿದ್ದರು. ೨೦೨೦ರ ಮಾರ್ಚಿನ ಕೊನೆಯಿಂದ ಹೊರಟ ಅಧಿಕೃತ ಪರಿಷ್ಕರಣಗಳಲ್ಲಿಯೇ ಅವರ ವಿಷಬೀಜ ಸೇರಿತ್ತು. ಸುಮಾರು ೧೮,೦೦೦ ಗ್ರಾಹಕರವರೆಗೆ ಅದು ತಲಪಿರಬಹುದೆಂದು ಕಂಪನಿಯೇ ತಿಳಿಸಿತು. ಯಂತ್ರವನ್ನು ಸೇರಿದ ಮೇಲೆ ಎರಡು ವಾರಗಳವರೆಗೂ ಅದು ಅಲ್ಲಾಡದೆ ಇರುತ್ತಿತ್ತು. ಜೂನ್ ತಿಂಗಳಲ್ಲಿ ತಯಾರಿಕೆಯ ಸ್ಥಾನದಿಂದ ಅದನ್ನು ನುಸುಳುಕೋರರೇ ತೆಗೆದುಬಿಟ್ಟರು. ಡಿಸೆಂಬರ್ ೮ರಂದು ಫೈರ್‌ಐ ಎಂಬ ಭದ್ರತಾ ಸಂಸ್ಥೆ ತನ್ನ ಸಲಕರಣೆಗಳು ಕಳುವಾದುದನ್ನು ಪ್ರಕಟಿಸಿತು. ೧೩ರಂದು ಮೂಲಕಾರಣ ಬಹಿರಂಗವಾಯಿತು. ಅಮೆರಿಕದ ಒಂಬತ್ತು ಸರ್ಕಾರಿ ಸಂಸ್ಥೆಗಳೂ ನೂರರಷ್ಟು ಖಾಸಗಿ ಕಂಪನಿಗಳೂ ಬಾಧಿತವಾದುವೆಂದು ೨೦೨೧ರ ಫೆಬ್ರುವರಿಯಲ್ಲಿ ಅಲ್ಲಿಯ ಅಧಿಕಾರಿಗಳು ಹೇಳಿದರು.

ಈಗ ಸ್ವಲ್ಪ ಗಣಿತಮಾಡಿ ನೋಡೋಣ. ೨೦೨೦ರ ಮಾರ್ಚ್ ೨೬ರಿಂದ ಡಿಸೆಂಬರ್ ೧೩ರವರೆಗೆ ೨೬೨ ದಿನಗಳು. ನಾಲ್ಕು ವಾರಗಳ ಲಾಗ್ ಇಟ್ಟಿದ್ದವನಿಗೆ ಸುದ್ದಿ ಬಂದ ದಿನ ಕಾಣುತ್ತಿದ್ದುದು ನವೆಂಬರಿನ ಮಧ್ಯದಿಂದ ಈಚಿನ ಸಂಗತಿ ಮಾತ್ರ. ೯೦ ದಿನ ಇಟ್ಟಿದ್ದವನಿಗೆ ಸೆಪ್ಟೆಂಬರಿನ ಮಧ್ಯದಿಂದ. ೧೮೦ ದಿನ ಇಟ್ಟಿದ್ದವನಿಗೆ ಜೂನ್ ತಿಂಗಳ ಮಧ್ಯದಿಂದ. ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಗಿಲು ಹೇಗೆ ತೆರೆಯಿತು, ಒಳಗೆ ಬಂದವನು ಮೊದಲು ಯಾವ ಕೋಣೆಗೆ ಹೋದನು, ಮತ್ತೊಂದು ಗುಪ್ತದ್ವಾರವನ್ನು ಎಲ್ಲಿ ಮಾಡಿಕೊಂಡನು ಎಂಬ ಪ್ರಶ್ನೆಗಳಿಗೆ ಇವರಾರಿಗೂ ತಮ್ಮ ದಾಖಲೆಯಿಂದ ಉತ್ತರ ದೊರೆಯುತ್ತಿರಲಿಲ್ಲ. ಒಂದು ವರ್ಷದ ಲಾಗ್ ಇದ್ದ ಗ್ರಾಹಕನಿಗೆ ಆದಿಯಿಂದ ಅಂತ್ಯದವರೆಗೆ ಕಾಣುತ್ತಿತ್ತು. ಸ್ಟಾರ್‌ವುಡ್ ಪ್ರಕರಣಕ್ಕಾದರೋ ಎರಡು ವರ್ಷದ್ದೂ ಸಾಲದು. ಹೀಗೆ ಒಂದೊಂದು ಅವಧಿಯೂ ಒಂದೊಂದು ಬಗೆಯ ಅಜ್ಞಾನವನ್ನು ಮುಂಚಿತವಾಗಿ ಒಪ್ಪಿಕೊಂಡಂತೆ.

ನುಸುಳುಕೋರರು ಒಳಗಿರುವ ಕಾಲ ಈಚೆಗೆ ಕಡಮೆಯಾಗಿರುವಾಗ ದೀರ್ಘಕಾಲದ ದಾಖಲೆ ಏಕೆಂದು ಕೇಳುವವರುಂಟು. ಮ್ಯಾಂಡಿಯಂಟ್ ಸಂಸ್ಥೆಯ ವಾರ್ಷಿಕ ವರದಿಗಳ ಪ್ರಕಾರ ಪ್ರವೇಶಕ್ಕೂ ಪತ್ತೆಗೂ ನಡುವಣ ಕಾಲದ ಮಧ್ಯಾಂಕ ೨೦೧೧ರಲ್ಲಿ ೪೧೬ ದಿನಗಳಿದ್ದುದು ೨೦೨೪ರಲ್ಲಿ ೧೧ ದಿನಗಳಿಗೆ ಇಳಿದಿತ್ತು. ಈ ಅಂಕೆಯನ್ನು ಎಚ್ಚರಿಕೆಯಿಂದ ಓದಬೇಕು. ಕಡತಗಳಿಗೆ ಬೀಗಹಾಕಿ ಒತ್ತೆಹಣ ಕೇಳುವ ಕಳ್ಳನು ತನ್ನ ಇರವನ್ನು ತಾನೇ ಸಾರುತ್ತಾನೆ. ಅಂಥವರ ಸಂಖ್ಯೆ ಹೆಚ್ಚಿದಂತೆಲ್ಲ ಮಧ್ಯಾಂಕ ತಾನಾಗಿ ಇಳಿಯುತ್ತದೆ. ಸದ್ದಿಲ್ಲದೆ ಓದಿಕೊಂಡು ಹೋಗುವ ಗೂಢಚಾರನ ವಿಚಾರವನ್ನು ಮಧ್ಯಾಂಕ ಹೇಳಲಾರದು. ಪತ್ತೆಯೇ ಆಗದವನು ಲೆಕ್ಕಕ್ಕೇ ಬರುವುದಿಲ್ಲ.

೫

ದಾಖಲೆ ಅಳಿದುಹೋದರೆ ಆಗುವ ನಷ್ಟದ ಸ್ವರೂಪವನ್ನು ೨೦೨೩ರ ಒಂದು ಘಟನೆಯಿಂದ ತಿಳಿಯಬಹುದು. ಆ ವರ್ಷದ ಜೂನ್ ಮಧ್ಯದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯವರು ತಮ್ಮ ಅಂಚೆಪೆಟ್ಟಿಗೆಗಳನ್ನು ಯಾರೋ ಅಸಹಜವಾಗಿ ಓದುತ್ತಿರುವುದನ್ನು ಕಂಡುಹಿಡಿದರು. ಯಾವ ಪತ್ರವನ್ನು ಯಾರು ತೆರೆದರೆಂಬುದನ್ನು ಬರೆಯುವ ವಿಶೇಷ ಲಾಗ್ ಅವರ ಬಳಿ ಇದ್ದುದರಿಂದ ಇದು ಸಾಧ್ಯವಾಯಿತು. ಆ ಲಾಗ್ ಮೈಕ್ರೋಸಾಫ್ಟ್ ಸಂಸ್ಥೆಗೆ ಹೆಚ್ಚಿನ ಬೆಲೆ ಕೊಟ್ಟ ಗ್ರಾಹಕರಿಗೆ ಮಾತ್ರ ದೊರೆಯುತ್ತಿತ್ತು. ಅಗ್ಗದ ಸೇವೆಯನ್ನು ಪಡೆದಿದ್ದ ಗ್ರಾಹಕರಿಗೆ ಇದೇ ಕಳವನ್ನು ತಾವಾಗಿ ಕಂಡುಹಿಡಿಯುವ ಈ ಸಾಧನವಿರಲಿಲ್ಲ. ೨೨ ಸಂಸ್ಥೆಗಳೂ ೫೦೦ಕ್ಕೂ ಹೆಚ್ಚು ವ್ಯಕ್ತಿಗಳೂ ಇದಕ್ಕೆ ಗುರಿಯಾದರೆಂದೂ ವಿದೇಶಾಂಗ ಇಲಾಖೆಯೊಂದರಿಂದಲೇ ಸುಮಾರು ೬೦,೦೦೦ ಪತ್ರಗಳು ಹೋದುವೆಂದೂ ೨೦೨೪ರಲ್ಲಿ ಪ್ರಕಟವಾದ ಸರ್ಕಾರಿ ವಿಮರ್ಶಾಮಂಡಲಿಯ ವರದಿ ಹೇಳುತ್ತದೆ.

ಕಳ್ಳರ ಬಳಿ ಇದ್ದುದು ೨೦೧೬ರಲ್ಲಿ ತಯಾರಾದ ಒಂದು ಸಹಿಯ ಕೀಲಿ. ಅದು ಮೈಕ್ರೋಸಾಫ್ಟಿನ ಒಳಗಿನಿಂದ ಹೊರಗೆ ಹೇಗೆ ಹೋಯಿತು? ೨೦೨೩ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಒಂದು ಸಂಭವನೀಯ ವಿವರಣೆಯನ್ನು ನೀಡಿ, ತನ್ನ ಲಾಗ್ ಉಳಿಸುವ ನಿಯಮಗಳ ಕಾರಣದಿಂದ ಅದನ್ನು ನೇರವಾಗಿ ತೋರಿಸುವ ದಾಖಲೆ ತನ್ನಲ್ಲಿಲ್ಲವೆಂದು ಒಪ್ಪಿಕೊಂಡಿತು. ೨೦೨೪ರ ಮಾರ್ಚಿನಲ್ಲಿ ಆ ವಿವರಣೆಗೂ ತಿದ್ದುಪಡಿ ಬಂದಿತು: ಕೀಲಿ ಇತ್ತೆಂದು ಊಹಿಸಿದ್ದ ಕಡತ ಹುಡುಕಿದರೂ ಸಿಕ್ಕಿರಲಿಲ್ಲ. ಕೀಲಿ ಯಾವಾಗ, ಹೇಗೆ ಕಳುವಾಯಿತೆಂಬುದನ್ನು ವಿಮರ್ಶಾಮಂಡಲಿಯೂ ನಿರ್ಣಯಿಸಲಾಗಲಿಲ್ಲ. ಶಾಸನದ ಮುರಿದ ಭಾಗವನ್ನು ಊಹೆಯಿಂದ ತುಂಬುವ ಸಂಶೋಧಕನ ಕಷ್ಟ ನಮಗೆ ಪರಿಚಿತವಾದುದೇ. ಆದರೆ ಅಲ್ಲಿ ನಡುವೆ ಶತಮಾನಗಳು ಕಳೆದಿರುತ್ತವೆ. ಇಲ್ಲಿ ಕಳೆದಿದ್ದುದು ಕೆಲವೇ ವರ್ಷಗಳು. ಕಾರಣ ತಿಳಿಯದ ಕಳವಿಗೆ ಪರಿಹಾರವೂ ಅರ್ಧವೇ. ಯಾವ ಬಿರುಕನ್ನು ಮುಚ್ಚಬೇಕೆಂಬುದು ಗೊತ್ತಿಲ್ಲದೆ ಗೋಡೆಯನ್ನೆಲ್ಲ ಬಳಿಯಬೇಕಾಗುತ್ತದೆ.

೬

ಈ ಘಟನೆಗಳ ಬೆನ್ನಲ್ಲಿ ನಿಯಮಗಳು ಬಂದುವು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನೆನಪಾಗುವುದು ಸಹಜ. ಆದರೂ ಹಾಕಿದ ಬಾಗಿಲು ಮುಂದಿನ ಕೊಳ್ಳೆಗೆ ಅಡ್ಡಿಯಾಗದೆ ಇರದು. ೨೦೨೧ರ ಮೇ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷರ ಆಜ್ಞೆಯೂ ಆಗಸ್ಟಿನಲ್ಲಿ ಅದರ ಆಧಾರದ ಮೇಲೆ ವಿವರವಾದ ಸೂಚನೆಯೂ ಹೊರಟುವು. ಸರ್ಕಾರಿ ಸಂಸ್ಥೆಗಳು ಬಹುತೇಕ ಲಾಗ್‌ಗಳನ್ನು ಕೂಡಲೆ ಹುಡುಕಬಹುದಾದ ಸ್ಥಿತಿಯಲ್ಲಿ ೧೨ ತಿಂಗಳೂ ಆಮೇಲೆ ಅಗ್ಗದ ಪ್ರತ್ಯೇಕ ಸಂಗ್ರಹದಲ್ಲಿ ೧೮ ತಿಂಗಳೂ ಇಡಬೇಕೆಂದು ಅದು ವಿಧಿಸಿತು. ಆಜ್ಞೆ ಬೇರೆ, ಆಚರಣೆ ಬೇರೆ. ೨೦೨೩ರ ಡಿಸೆಂಬರಿನಲ್ಲಿ ಅಲ್ಲಿಯ ಲೆಕ್ಕಪರಿಶೋಧನಾ ಕಚೇರಿ ಪರೀಕ್ಷಿಸಿದ ೨೩ ಸಂಸ್ಥೆಗಳಲ್ಲಿ ೨೦ ಸಂಸ್ಥೆಗಳು ನಿಗದಿಯಾದ ಮಟ್ಟವನ್ನು ಮುಟ್ಟಿರಲಿಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯೂ ೨೦೨೩ರಲ್ಲಿ ತನ್ನ ಸಾಮಾನ್ಯ ಗ್ರಾಹಕರ ಲಾಗಿನ ಅವಧಿಯನ್ನು ೯೦ರಿಂದ ೧೮೦ ದಿನಗಳಿಗೆ ಏರಿಸಿತು.

ಭಾರತದಲ್ಲಿ ಗಣಕಯಂತ್ರಗಳ ತುರ್ತುಸ್ಥಿತಿಯನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆ ೨೦೨೨ರ ಏಪ್ರಿಲ್ ೨೮ರಂದು ನಿರ್ದೇಶನಗಳನ್ನು ಹೊರಡಿಸಿತು. ಎಲ್ಲ ಯಂತ್ರಗಳ ಲಾಗ್‌ಗಳನ್ನು ೧೮೦ ದಿನಗಳವರೆಗೆ ಭದ್ರವಾಗಿಡಬೇಕು. ಘಟನೆ ತಿಳಿದ ಆರು ಗಂಟೆಗಳೊಳಗೆ ವರದಿಮಾಡಬೇಕು. ಯಂತ್ರಗಳ ಗಡಿಯಾರಗಳನ್ನು ರಾಷ್ಟ್ರೀಯ ಕಾಲಮಾನಕ್ಕೆ ಹೊಂದಿಸಬೇಕು ಎಂಬುವು ಅವುಗಳಲ್ಲಿ ಮುಖ್ಯ. ಗಡಿಯಾರದ ವಿಧಿ ಸಣ್ಣದಾಗಿ ಕಂಡರೂ ಬೆಲೆಯುಳ್ಳದ್ದು. ಎರಡು ಯಂತ್ರಗಳ ಕಾಲಮಾನ ಹೊಂದದಿದ್ದರೆ ಯಾವ ಘಟನೆ ಮೊದಲು, ಯಾವುದು ಆಮೇಲೆ ಎಂಬುದೇ ತಿಳಿಯದು. ತೇದಿಯ ಗೊಂದಲವಿರುವ ಎರಡು ಶಾಸನಗಳಿಂದ ರಾಜರ ಅನುಕ್ರಮವನ್ನು ಗೊತ್ತುಮಾಡುವ ತೊಡಕನ್ನು ಅರಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳು ಸಂಬಂಧಪಟ್ಟ ಲಾಗ್‌ಗಳಿಗೆ ಒಂದು ವರ್ಷದ ಅವಧಿಯನ್ನು ಹೇಳಿವೆ. ಅವಧಿ ಆರು ತಿಂಗಳಿಂದ ವರ್ಷದ ಕಡೆಗೆ ಸಾಗುತ್ತಿರುವುದನ್ನು ಇಲ್ಲಿಯೂ ಕಾಣಬಹುದು.

೭

ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಳ್ಳುವುದೇ ಲೇಸಲ್ಲವೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಪ್ರಬಲವಾದ ಆಕ್ಷೇಪಗಳಿವೆ. ಕಳ್ಳನ ಹೆಜ್ಜೆಯನ್ನು ಬರೆಯುವ ಲಾಗ್ ಸಜ್ಜನನ ಹೆಜ್ಜೆಯನ್ನೂ ಬರೆಯುತ್ತದೆ. ಯಾರು ಎಷ್ಟು ಹೊತ್ತಿಗೆ ಏನನ್ನು ಓದಿದರು, ಯಾರೊಡನೆ ವ್ಯವಹರಿಸಿದರು ಎಂಬ ವಿವರ ವರ್ಷಗಟ್ಟಲೆ ಒಂದೆಡೆ ಸೇರಿದರೆ ಅದು ವ್ಯಕ್ತಿಯ ಜೀವನಚರಿತ್ರೆಯೇ ಆಗುತ್ತದೆ. ಯೂರೋಪಿನಲ್ಲಿ ೨೦೦೬ರ ಒಂದು ನಿರ್ದೇಶವು ದೂರಸಂಪರ್ಕದ ವಿವರಗಳನ್ನು ಆರು ತಿಂಗಳಿಂದ ಎರಡು ವರ್ಷಗಳವರೆಗೆ ಇಡಬೇಕೆಂದು ವಿಧಿಸಿತ್ತು. ೨೦೧೪ರ ಏಪ್ರಿಲ್ ೮ರಂದು ಯೂರೋಪಿನ ಒಕ್ಕೂಟದ ನ್ಯಾಯಾಲಯ ಅದನ್ನು ಅಸಿಂಧುವೆಂದು ಸಾರಿತು. ಯಾವ ಅಪರಾಧದ ಸಂಶಯವೂ ಇಲ್ಲದ ಸಕಲ ಜನರ ವಿವರಗಳನ್ನು ಮಿತಿಯಿಲ್ಲದೆ ಕೂಡಿಡುವುದು ಖಾಸಗಿ ಬಾಳಿನ ಹಕ್ಕಿಗೆ ವಿರುದ್ಧವೆಂಬುದು ಅದರ ತಿರುಳು. ದೂರವಾಣಿಯ ವಿವರಗಳೂ ಯಂತ್ರದ ಭದ್ರತಾ ಲಾಗ್‌ಗಳೂ ಒಂದೇ ಅಲ್ಲವಾದರೂ ತೀರ್ಪಿನ ತತ್ತ್ವ ಎರಡಕ್ಕೂ ತಕ್ಕುದಾಗಿದೆ.

ಲಾಗ್ ತಾನೇ ಅಪಾಯದ ಮೂಲವಾಗಬಹುದೆಂಬುದು ಇನ್ನೊಂದು ಆಕ್ಷೇಪ. ೨೦೧೮ರ ಮೇ ತಿಂಗಳಿನಲ್ಲಿ ಟ್ವಿಟರ್ ಸಂಸ್ಥೆ ಬಳಕೆದಾರರ ಗುಪ್ತಪದಗಳು ಮರೆಮಾಚದ ರೂಪದಲ್ಲಿ ತನ್ನ ಒಳಗಿನ ಲಾಗೊಂದರಲ್ಲಿ ದಾಖಲಾಗಿದ್ದುದನ್ನು ಕಂಡು, ಅವುಗಳನ್ನು ಬದಲಾಯಿಸಿಕೊಳ್ಳಬೇಕೆಂದು ಎಲ್ಲರಿಗೂ ಸೂಚಿಸಿತು. ಬರೆಯಬಾರದುದನ್ನು ಬರೆದ ಲಾಗನ್ನು ಹೆಚ್ಚು ಕಾಲ ಇಟ್ಟಷ್ಟೂ ಕೇಡು ಹೆಚ್ಚು. ಇಷ್ಟಲ್ಲದೆ ತಿದ್ದಲು ಬರುವ ದಾಖಲೆ ಎಷ್ಟು ಹಳೆಯದಾದರೂ ಸಾಕ್ಷ್ಯವಾಗದು. ಒಂದು ಸಾಲನ್ನು ಬದಲಾಯಿಸಿದರೆ ಮುಂದಿನ ಸಾಲುಗಳೆಲ್ಲ ತಾಳೆ ತಪ್ಪುವಂತೆ ಗಣಿತದ ಸರಪಣಿಯಿಂದ ಲಾಗನ್ನು ಕಟ್ಟುವ ವಿಧಾನವನ್ನು ಬ್ರೂಸ್ ಷ್ನೈಯರ್ ಮತ್ತು ಜಾನ್ ಕೆಲ್ಸಿ ಅವರು ೧೯೯೮ರಲ್ಲಿ ವಿವರಿಸಿದರು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮವೂ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಇಂಥದೇ ತಾಳೆಯ ಅಂಕವನ್ನು ಕೇಳುತ್ತದೆ.

೮

ಈವರೆಗಿನ ವಿವೇಚನೆಯಿಂದ ಕೆಲವು ನಿರ್ಣಯಗಳನ್ನು ಮಾಡಬಹುದು. ಲಾಗಿನ ಆಯುಷ್ಯವನ್ನು ಮೊದಲು ಬಿಲ್ಲಿನ ಅವಧಿಯೂ ಆಮೇಲೆ ಡಿಸ್ಕಿನ ಗಾತ್ರವೂ ಗೊತ್ತುಮಾಡಿದುವು. ಅದನ್ನು ಗೊತ್ತುಮಾಡಬೇಕಾದುದು ಅಪರಾಧ ನಡೆದ ದಿನಕ್ಕೂ ಅದು ಬೆಳಕಿಗೆ ಬರುವ ದಿನಕ್ಕೂ ನಡುವಣ ಅಂತರ. ಈ ಅಂತರ ಒಂಬತ್ತು ತಿಂಗಳೂ ನಾಲ್ಕು ವರ್ಷಗಳೂ ಆಗಿರುವುದನ್ನು ನೋಡಿದ್ದೇವೆ. ಆದುದರಿಂದ ಒಂದು ವರ್ಷಕ್ಕಿಂತ ಕಡಮೆಯ ಅವಧಿ ಸಾಲದೆಂಬುದು ನಮ್ಮ ಅಭಿಪ್ರಾಯ. ಆದರೆ ಎಲ್ಲಕ್ಕೂ ಒಂದೇ ಅವಧಿ ಸಲ್ಲದು. ಯಾರು ಒಳಬಂದರು, ಯಾರಿಗೆ ಅಧಿಕಾರ ದೊರೆಯಿತು, ಯಾವ ಕೀಲಿ ಬಳಕೆಯಾಯಿತು ಎಂಬ ದಾಖಲೆಗಳು ಗಾತ್ರದಲ್ಲಿ ಸಣ್ಣವು, ಬೆಲೆಯಲ್ಲಿ ದೊಡ್ಡವು. ಇವು ದೀರ್ಘಕಾಲ ಇರತಕ್ಕವು. ಜಾಲದಲ್ಲಿ ಹರಿದ ಸಮಸ್ತವನ್ನೂ ಹಿಡಿದಿಡುವ ಬೃಹತ್ ದಾಖಲೆಗೆ ಅಮೆರಿಕದ ಸೂಚನೆಯೂ ೭೨ ಗಂಟೆಗಳನ್ನಷ್ಟೇ ವಿಧಿಸಿತ್ತು. ಇಟ್ಟುದನ್ನು ಬೇರೆ ಯಂತ್ರದಲ್ಲಿ, ಮೂಲಯಂತ್ರದ ಅಧಿಕಾರಿಯ ಕೈಗೂ ಎಟುಕದಂತೆ ಇಡಬೇಕು. ಅದನ್ನು ಯಾರು ನೋಡಿದರೆಂಬುದಕ್ಕೂ ದಾಖಲೆಯಿರಬೇಕು. ಅವಧಿ ಮುಗಿದ ಮೇಲೆ ತಪ್ಪದೆ ಅಳಿಸಬೇಕು.

ಇದು ದೂರದೇಶದ ದೊಡ್ಡ ಸಂಸ್ಥೆಗಳ ಚಿಂತೆಯೆಂದು ಭಾವಿಸಲಾಗದು. ನಮ್ಮ ಕಾಲೇಜುಗಳಲ್ಲಿಯೂ ವಿಶ್ವವಿದ್ಯಾನಿಲಯಗಳಲ್ಲಿಯೂ ಪ್ರವೇಶದ ಪಟ್ಟಿ, ಶುಲ್ಕದ ಲೆಕ್ಕ, ಪರೀಕ್ಷೆಯ ಅಂಕಗಳು ಗಣಕಯಂತ್ರಗಳಲ್ಲಿವೆ. ಅಂಕವೊಂದು ಬದಲಾಯಿತೆಂಬ ದೂರು ಫಲಿತಾಂಶ ಬಂದ ವಾರದಲ್ಲಿಯೇ ಬರಬೇಕೆಂದಿಲ್ಲ. ವಿದ್ಯಾರ್ಥಿ ಎರಡು ವರ್ಷಗಳ ಅನಂತರ ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಬರಬಹುದು. ಅಂಕಪಟ್ಟಿ ಶಾಶ್ವತವಾಗಿದ್ದು, ಅದನ್ನು ತಿದ್ದಿದವರು ಯಾರೆಂಬ ದಾಖಲೆ ನಾಲ್ಕೇ ವಾರಗಳಲ್ಲಿ ಅಳಿದರೆ ನಿರಪರಾಧಿಯಾದ ಗುಮಾಸ್ತನಿಗೂ ರಕ್ಷಣೆಯಿಲ್ಲ, ಅನ್ಯಾಯಕ್ಕೊಳಗಾದ ವಿದ್ಯಾರ್ಥಿಗೂ ಪರಿಹಾರವಿಲ್ಲ. ತಮ್ಮ ಸಂಸ್ಥೆಯ ಯಂತ್ರಗಳಲ್ಲಿ ಲಾಗ್‌ಗಳು ಎಷ್ಟು ದಿನ ಉಳಿಯುತ್ತವೆ, ಆ ಅವಧಿಯನ್ನು ಗೊತ್ತುಮಾಡಿದವರು ಯಾರು ಎಂಬುದನ್ನು ವಾಚಕರು ವಿಚಾರಿಸಿ ತಿಳಿದುಕೊಳ್ಳುವುದು ಒಳ್ಳೆಯದು. ಎಷ್ಟೋ ಕಡೆಗಳಲ್ಲಿ ಯಂತ್ರವನ್ನು ಸ್ಥಾಪಿಸಿದ ದಿನದ ಪೂರ್ವನಿಶ್ಚಿತ ಸೂಚನೆಯೇ ಇಂದಿಗೂ ನಿಯಮವಾಗಿ ನಡೆಯುತ್ತಿರಬಹುದು.